ಬಿನ್, ಕೋಂ ಮತ್ತು ನಾವು ಮೂವರು

ಕಳೆದ ಸೆಮಿಸ್ಟರ್ ರಜೆಯಲ್ಲಿ ಕೆರೆಬಿಳಚಿಗೆ ಹೋದಾಗ ದೊಡ್ಡಪ್ಪ ನಮಗೆ ಒಂದು ಕೆಲಸ ಕೊಟ್ಟರು. ಹತ್ತು ನಿಮಿಷದ ಕೆಲಸ ಅಂದುಕೊಂಡೆವು. ರಜೆ ಪೂರ್ತಿ ಹಿಡೀತು.

ಮೊದಲು ‘ನಾವು’ ಅಂದರೆ ಯಾರು ಅಂತ ಹೇಳಿಬಿಡ್ತೀವಿ. ನಾವು ಮೂವರು. ದೊಡ್ಡಪ್ಪನ ಮಗ, ಅತ್ತೆಯ ಮಗಳು, ಮತ್ತೆ ಇದನ್ನು ಟೈಪ್ ಮಾಡ್ತಿರುವ ಬಡಪಾಯಿ. ಹಾಗಾಗಿ ಇಲ್ಲಿ ದೊಡ್ಡಪ್ಪ ಅಂತ ಬರೆದವರು ನಮ್ಮಲ್ಲೊಬ್ಬನಿಗೆ ಅಪ್ಪ, ಒಬ್ಬಳಿಗೆ ಮಾವ. ಮೂವರೂ ಹೆಚ್ಚುಕಮ್ಮಿ ಒಂದೇ ವಯಸ್ಸು, ಮೂವರೂ ಇಂಗ್ಲಿಷ್ ಮೀಡಿಯಂ. ಕನ್ನಡದಲ್ಲಿ ತಪ್ಪಿದ್ದರೆ ಕ್ಲಬ್ಬಿನವರು ತಿದ್ದಿರ್ತಾರೆ ಅನ್ನೋ ಧೈರ್ಯದಲ್ಲಿ ಬರೀತಿದ್ದೀವಿ.

ಕೆಲಸ ಏನಂದ್ರೆ, ಅಜ್ಜ ತೀರಿಕೊಂಡು ವರ್ಷಗಳಾದರೂ ಜಮೀನಿನ ಪಹಣಿ ಇನ್ನೂ ಅಜ್ಜನ ಹೆಸರಲ್ಲೇ ಇತ್ತು. ಅದನ್ನು ಮಕ್ಕಳ ಹೆಸರಿಗೆ ಮಾಡಿಸಬೇಕು. ಅದಕ್ಕೆ ಪೌತಿ ಖಾತೆ ಅಂತಾರೆ. ಪೌತಿ ಖಾತೆ ಆಗಬೇಕಾದ್ರೆ ನಾಡಕಚೇರಿಯಿಂದ ವಂಶವೃಕ್ಷದ ಪತ್ರ ಬೇಕು. ವಂಶವೃಕ್ಷಕ್ಕೆ ಅರ್ಜಿ ಹಾಕಬೇಕಾದ್ರೆ ಮನೆಯವರೇ ಮೊದಲು ಬರೆದು, ಇದು ನಿಜ ಅಂತ ಪ್ರಮಾಣ ಮಾಡಿ ಕೊಡಬೇಕು. “ನೀವು ಕಂಪ್ಯೂಟರ್ ಓದೋರಲ್ವಾ, ನೀಟಾಗಿ ಟೈಪ್ ಮಾಡಿ ಕೊಡ್ರಿ” ಅಂತ ದೊಡ್ಡಪ್ಪ ಒಂದು ಹಾಳೆ ಕೊಟ್ಟರು. ಅವರೇ ಪೆನ್ಸಿಲ್‌ನಲ್ಲಿ ಬರೆದದ್ದು. ಮೇಲೆ ಮುತ್ತಜ್ಜ, ಕೆಳಗೆ ಅಜ್ಜ, ಅಜ್ಜನ ಕೆಳಗೆ ಎರಡು ಗೆರೆ, ಎರಡು ಗಂಡುಮಕ್ಕಳು.

ನಮ್ಮಲ್ಲೊಬ್ಬಳು ಆ ಹಾಳೆಯನ್ನು ಎರಡು ಸಲ ನೋಡಿದಳು. ಆಮೇಲೆ ಕೇಳಿದಳು: “ಮಾವ, ಅಮ್ಮ ಎಲ್ಲಿ?”

“ಅವಳದ್ದೇನು ಬಿಡವ್ವ. ಕೊಟ್ಟ ಮನೇಲಿ ಚೆನ್ನಾಗಿದಾಳೆ. ಸಹಿ ಬೇಕಂದ್ರೆ ಬಂದು ಹಾಕ್ತಾಳೆ” ಅಂದರು ದೊಡ್ಡಪ್ಪ. ಬೈದು ಹೇಳಿದ್ದಲ್ಲ, ಮಾಮೂಲಿ ಮಾತಿನ ಹಾಗೆ ಹೇಳಿದ್ದು. ಅದಕ್ಕೇ ನಮಗೆ ಏನು ಹೇಳೋದು ಅಂತ ತೋಚಲಿಲ್ಲ.

ಟೈಪ್ ಮಾಡೋದನ್ನು ಅಲ್ಲಿಗೆ ನಿಲ್ಲಿಸಿ, ವಂಶವೃಕ್ಷ ಮಾಡೋದೇ ಆದ್ರೆ ಸರಿಯಾಗಿ ಮಾಡೋಣ, ಎಷ್ಟು ಹಿಂದಕ್ಕೆ ಹೋಗುತ್ತೋ ಅಷ್ಟು ಹೋಗೋಣ ಅಂತ ತೀರ್ಮಾನ ಮಾಡಿದೆವು. ಇಂಗ್ಲೆಂಡಿನವರು ಅವರ ಪೂರ್ವಜರನ್ನು ಹೇಗೆ ಹುಡುಕ್ತಾರೆ ಅನ್ನೋ ವಿಡಿಯೋಗಳನ್ನು ನಾವು ಮೊದಲೇ ನೋಡಿದ್ದೆವು. ಅಲ್ಲಿ 1538ರಲ್ಲಿ ಎಂಟನೇ ಹೆನ್ರಿಯ ಕಾಲದಲ್ಲಿ ಪ್ರತಿ ಊರಿನ ಚರ್ಚ್ ಒಂದು ಪುಸ್ತಕ ಇಡಬೇಕು, ಅದರಲ್ಲಿ ದೀಕ್ಷಾಸ್ನಾನ, ಮದುವೆ, ಮಣ್ಣು ಮಾಡಿದ್ದು, ಮೂರನ್ನೂ ಬರೀಬೇಕು ಅಂತ ಆಜ್ಞೆ ಆಯ್ತು. ಅದರ ಜೊತೆಗೆ ಜನ ಬರೆದಿಟ್ಟ ಉಯಿಲುಗಳು. 1858ರವರೆಗೆ ಉಯಿಲುಗಳನ್ನು ಪರಿಶೀಲಿಸ್ತಿದ್ದುದೂ ಚರ್ಚಿನ ಕೋರ್ಟುಗಳೇ. ಉಯಿಲಿನಲ್ಲಿ ಯಾವ ಮಗನಿಗೆ ಹೊಲ, ಯಾವ ಮಗಳಿಗೆ ಹಾಸಿಗೆ, ಯಾವ ಮೊಮ್ಮಗಳಿಗೆ ಪಾತ್ರೆ ಅಂತೆಲ್ಲ ಇರುತ್ತೆ. ಎರಡನ್ನೂ ಜೋಡಿಸಿದ್ರೆ ಸಾಮಾನ್ಯ ರೈತನ ಸಂಸಾರವೂ ನಾನೂರು ವರ್ಷ ಹಿಂದಿನವರೆಗೆ ಸಿಕ್ಕಬಹುದು.

ನಮ್ಮ ಹತ್ತಿರ ಏನಿದೆ? ಚರ್ಚ್ ಪುಸ್ತಕ ಇಲ್ಲ. ನಮ್ಮ ಮನೇಲಿ ಯಾರೂ ಉಯಿಲು ಬರೆದೋರಲ್ಲ. ಜನನ ಮರಣ ನೋಂದಣಿ ಕಾಯ್ದೆ ಬಂದಿದ್ದೇ 1969ರಲ್ಲಿ. ಅಜ್ಜ ಹುಟ್ಟಿದ ದಿನ ಅಜ್ಜನಿಗೇ ಗೊತ್ತಿರಲಿಲ್ಲ. ಹಾಗಾದ್ರೆ ಉಳಿದಿರೋದು ಎರಡೇ. ಒಂದು ಜಮೀನಿನ ಕಾಗದ, ಇನ್ನೊಂದು ಹೆಳವರು.

ಜಮೀನಿನ ಕಾಗದದಿಂದ ಶುರು ಮಾಡಿದೆವು. ಭೂಮಿ ವೆಬ್‌ಸೈಟಿನಲ್ಲಿ ಸರ್ವೆ ನಂಬರ್ ಹಾಕಿದ್ರೆ ಪಹಣಿ ಬರುತ್ತೆ. ಕರ್ನಾಟಕದ ಸುಮಾರು ಎರಡು ಕೋಟಿ ಕೈಬರಹದ ಪಹಣಿಗಳನ್ನು ಕಂಪ್ಯೂಟರಿಗೆ ಹಾಕಿದ ಯೋಜನೆ ಅದು, ನಾವು ಹುಟ್ಟೋಕೆ ಮೊದಲೇ. ಪಹಣಿಯ 9ನೇ ಕಾಲಂನಲ್ಲಿ ಜಮೀನು ಯಾರದ್ದು ಅಂತಿರುತ್ತೆ, 10ನೇ ಕಾಲಂನಲ್ಲಿ ಅದು ಅವರಿಗೆ ಹೇಗೆ ಬಂತು ಅಂತ ಎಂಆರ್ ನಂಬರ್ ಇರುತ್ತೆ. ಎಂಆರ್ ಅಂದ್ರೆ ಮ್ಯುಟೇಶನ್ ರಿಜಿಸ್ಟರ್, ಹಕ್ಕು ಬದಲಾದಾಗ ಬರೆಯೋ ಪುಸ್ತಕ. ಆ ಎಂಆರ್ ತೆಗೆಸಿದ್ರೆ ಅದರಲ್ಲಿ ಹಿಂದಿನ ಮಾಲೀಕನ ಹೆಸರು. ಅವನಿಗೆ ಹೇಗೆ ಬಂತು ಅಂತ ನೋಡಿದ್ರೆ ಅದರ ಹಿಂದಿನ ಎಂಆರ್. ಮೂರನೇ ಸೆಮ್‌ನಲ್ಲಿ ಡೇಟಾ ಸ್ಟ್ರಕ್ಚರ್ಸ್ ಓದಿದವರಿಗೆ ತಕ್ಷಣ ಹೊಳೆಯುತ್ತೆ, ಇದು ಲಿಂಕ್ಡ್ ಲಿಸ್ಟ್. ಪಾಯಿಂಟರ್ ಹಿಡಿದು ಹಿಂದೆ ಹಿಂದೆ ಹೋಗೋದು. ವ್ಯತ್ಯಾಸ ಇಷ್ಟೇ, ಇಲ್ಲಿ ಒಂದೊಂದು ಪಾಯಿಂಟರಿಗೂ ಒಂದು ಅರ್ಜಿ ಬರೆದು, ಫೀಸು ಕಟ್ಟಿ, ಒಂದಷ್ಟು ದಿನ ಕಾಯಬೇಕು.

ಇನ್ನೊಂದು ವಿಷಯ ಕಲಿತೆವು, ಹುಡುಕೋರಿಗೆ ಉಪಯೋಗ ಆಗಬಹುದು. ದಾವಣಗೆರೆ ಜಿಲ್ಲೆ ಆಗಿದ್ದೇ 1997ರಲ್ಲಿ. ಅಲ್ಲಿಯವರೆಗೆ ಚನ್ನಗಿರಿ ತಾಲ್ಲೂಕು ಇದ್ದದ್ದು ಶಿವಮೊಗ್ಗ ಜಿಲ್ಲೆಯಲ್ಲಿ. ಹಳೆಯ ಕಾಗದದಲ್ಲಿ ‘ಶಿವಮೊಗ್ಗ ಡಿಸ್ಟ್ರಿಕ್ಟ್’ ಅಂತ ಕಂಡಾಗ ನಾವು ಬೇರೆ ಯಾರದ್ದೋ ಕಾಗದ ಅಂತ ಪಕ್ಕಕ್ಕಿಟ್ಟಿದ್ದೆವು. ಅದು ನಮ್ಮದೇ ಆಗಿತ್ತು.

ಕಾಗದ ಸಿಕ್ಕಿತು ಅಂತ ಖುಷಿಪಟ್ಟರೆ ಓದೋಕೆ ಬರಲಿಲ್ಲ. ಕೈಬರಹ ಒಂದು ಕಡೆ, ಮಾತು ಇನ್ನೊಂದು ಕಡೆ. ಪ್ರತಿ ಹೆಸರಿನ ಮಧ್ಯೆ ‘ಬಿನ್’ ಅಂತಿತ್ತು. ನಮ್ಮಲ್ಲೊಬ್ಬ ಅದು ಮನೆತನದ ಹೆಸರಿರಬೇಕು ಅಂದ. ಊರಲ್ಲಿ ಎಲ್ಲರದ್ದೂ ಒಂದೇ ಮನೆತನವಾ ಅಂತ ತಲೆ ಕೆರೆದುಕೊಂಡೆವು. ಕೊನೆಗೆ ದೊಡ್ಡಪ್ಪನೇ ನಕ್ಕು ಹೇಳಿದ್ರು, ಬಿನ್ ಅಂದ್ರೆ ಇಂಥವರ ಮಗ. ಕೋಂ ಅಂದ್ರೆ ಇಂಥವರ ಹೆಂಡತಿ. ಯಾನೆ ಅಂದ್ರೆ ಇನ್ನೊಂದು ಹೆಸರು. ಪೌತಿ ಅಂದ್ರೆ ಸಾವು. ಬಿನ್, ಯಾನೆ, ಪೌತಿ ಇವೆಲ್ಲ ಅರಬ್ಬಿಯಿಂದ ಬಂದವು. ನಮ್ಮ ಮುತ್ತಜ್ಜ ಅವರಪ್ಪನ ಮಗ ಅಂತ ಹೇಳೋಕೆ ಮೈಸೂರು ಸಂಸ್ಥಾನದ ಶಾನುಭೋಗರು ಅರಬ್ಬಿ ಮಾತು ಬರೀತಿದ್ರು, ಅದನ್ನು ಓದೋಕೆ ಬರದ ನಾವು ಕನ್ನಡ ಕ್ಲಬ್ಬಿನ ಮೆಂಬರುಗಳು!

ಅಷ್ಟರಲ್ಲಿ ಹೆಳವರು ಬಂದರು. ಬಂದರು ಅಂದ್ರೆ ದೊಡ್ಡಪ್ಪ ಫೋನ್ ಮಾಡಿ ಕರೆಸಿದರು. ಹೆಳವರ ಬಗ್ಗೆ ಗೊತ್ತಿಲ್ಲದವರಿಗೆ: ಇವರು ಊರೂರು ತಿರುಗಿ ರೈತರ ಮನೆತನಗಳ ವಂಶಾವಳಿ ಹೇಳೋರು. ಹಿಂದೆ ಎತ್ತಿನ ಮೇಲೆ ಕೂತು, ಗಂಟೆ ಬಾರಿಸುತ್ತಾ ಬರ್ತಿದ್ದರು. ಸುಗ್ಗಿಯ ಸಮಯಕ್ಕೆ ಬಂದು ವಂಶ ಹೊಗಳಿ, ಈ ವರ್ಷ ಹುಟ್ಟಿದ ಮಕ್ಕಳ ಹೆಸರು ಸೇರಿಸಿಕೊಂಡು, ಕಾಳುಕಡಿ ತಗೊಂಡು ಹೋಗ್ತಿದ್ದರು. ಅವರ ಮನೆತನಗಳು ಇಂತಿಂಥ ಊರು, ಇಂತಿಂಥ ಮನೆ ಅಂತ ಹಂಚಿಕೊಂಡಿರ್ತಾರೆ. ನಮ್ಮ ಹೆಳವರು ಬಂದದ್ದು ಬೈಕಿನಲ್ಲಿ. ಬ್ಯಾಗಿನಿಂದ ಬಟ್ಟೆ ಸುತ್ತಿದ ಉದ್ದನೆ ಪುಸ್ತಕ ತೆಗೆದು, ಕಣ್ಣಿಗೆ ಒತ್ತಿಕೊಂಡು ರಾಗವಾಗಿ ಓದೋಕೆ ಶುರು ಮಾಡಿದ್ರು. ಮೊಬೈಲಿನಲ್ಲಿ ರೆಕಾರ್ಡ್ ಮಾಡಿಕೊಂಡೆವು.

ಏಳು ತಲೆಮಾರು! ನಮ್ಮ ಹಿರೀಕ ಯಾವ ಊರು ಬಿಟ್ಟು ಬಂದ, ಎಷ್ಟು ಎತ್ತು ಹೊಡ್ಕೊಂಡು ಬಂದ, ಅವನ ಮಗ ಯಾರು, ಮೊಮ್ಮಗ ಯಾರು, ಯಾರು ಹೆಳವರಿಗೆ ಎತ್ತು ದಾನ ಕೊಟ್ಟರು, ಎಲ್ಲಾ ಇತ್ತು. ಮೈ ಜುಮ್ಮಂತು. ಪಹಣಿ, ಎಂಆರ್‌ಗಳು ನಮ್ಮನ್ನು ಮುತ್ತಜ್ಜನವರೆಗೆ ಕರ್ಕೊಂಡು ಹೋಗಿದ್ವು. ಹೆಳವರ ಪುಸ್ತಕ ಅದರ ಹಿಂದೆ ಇನ್ನೂ ನಾಲ್ಕು ಹೆಸರು ಕೊಟ್ಟಿತು. ಎರಡೂ ಕಡೆ ಇದ್ದ ಹೆಸರುಗಳು ಸರಿಯಾಗಿ ತಾಳೆಯಾದವು.

ಓದಿ ಮುಗಿದ ಮೇಲೆ ನಮ್ಮಲ್ಲೊಬ್ಬಳು ಕೇಳಿದಳು, “ತಾತಾ, ಇದರಲ್ಲಿ ಹೆಣ್ಣುಮಕ್ಕಳು ಇಲ್ವಾ?”

“ಹೆಣ್ಣುಮಕ್ಳು ಕೊಟ್ಟ ಮನೆ ಪುಸ್ತಕದಾಗೆ ಇರ್ತಾರವ್ವ.”

“ಅಲ್ಲಿ ಅವರ ಹೆಸರು ಬರ್ದಿರ್ತಾರಾ?”

ಅವರು ಸ್ವಲ್ಪ ಹೊತ್ತು ಯೋಚನೆ ಮಾಡಿ, “ಅಲ್ಲಿ ಅವರ ಗಂಡುಮಕ್ಳು ಇರ್ತಾರೆ” ಅಂದ್ರು. ಹೇಳಿ ಅವರೇ ನಕ್ಕರು. ನಮ್ಮಲ್ಲಿ ಇಬ್ಬರು ನಕ್ಕೆವು.

ಅವತ್ತು ರಾತ್ರಿ ಲೆಕ್ಕ ಹಾಕಿದೆವು. ಒಬ್ಬ ಮನುಷ್ಯನಿಗೆ ತಂದೆತಾಯಿ ಇಬ್ಬರು, ಅವರಿಗೆ ನಾಲ್ವರು, ಹಾಗೆ ಏಳು ತಲೆಮಾರು ಹಿಂದಕ್ಕೆ ಹೋದ್ರೆ ಆ ಏಳನೇ ಮೆಟ್ಟಿಲಲ್ಲೇ 128 ಜನ. ಎಲ್ಲಾ ಮೆಟ್ಟಿಲು ಕೂಡಿಸಿದ್ರೆ 254. ನಮ್ಮ ಕಡೆ ಸೋದರಮಾವನಿಗೆ ಕೊಟ್ಟು ತರೋದು ಇರೋದ್ರಿಂದ ಕೆಲವರು ಎರಡು ಸಲ ಬರಬಹುದು, ಸ್ವಲ್ಪ ಕಮ್ಮಿ ಆಗಬಹುದು. ಆದ್ರೂ ಇನ್ನೂರರ ಹತ್ತಿರ. ನಮಗೆ ಸಿಕ್ಕಿದ್ದು ಏಳು. ಕ್ಲಾಸಿನಲ್ಲಿ ಟ್ರೀ ಅಂದ್ರೆ ಒಂದು ನೋಡಿಗೆ ಒಂದೇ ಪೇರೆಂಟ್ ಅಂತ ಹೇಳಿಕೊಡ್ತಾರೆ. ಮನುಷ್ಯರಿಗೆ ಇಬ್ಬರು. ಹಾಗಾದ್ರೆ ಸಂಸಾರ ಅನ್ನೋದು ಟ್ರೀ ಆಗೋಕೆ ಸಾಧ್ಯವೇ ಇಲ್ಲ, ಅದು ಗ್ರಾಫ್. ಅದನ್ನು ವೃಕ್ಷ ಮಾಡಬೇಕಾದ್ರೆ ಪ್ರತಿಯೊಬ್ಬರಿಗೂ ಒಬ್ಬ ಪೇರೆಂಟನ್ನು ಅಳಿಸಬೇಕು. ಪ್ರತಿ ಸಲವೂ ಅಳಿಸಿದ್ದು ಅಮ್ಮನನ್ನೇ.

ಇದು ಎಲ್ಲರ ಮನೆಯಲ್ಲೂ ಹೀಗೇನಾ ಅಂತ ಅನುಮಾನ ಬಂತು. ಕೆರೆಬಿಳಚಿಯಲ್ಲಿ ಮುಸ್ಲಿಂ ಮನೆಗಳು ಬಹಳ. ನಮ್ಮ ಜೊತೆ ಕ್ರಿಕೆಟ್ ಆಡುವ ಗೆಳೆಯನೊಬ್ಬನಿಗೆ ವಿಷಯ ಹೇಳಿದಾಗ ಅವನು ಮನೆಯಿಂದ ಅವನ ಅಜ್ಜಿಯ ನಿಕಾಹ್‌ನಾಮಾ ತಂದು ತೋರಿಸಿದ. ವಧುವಿನ ಹೆಸರು, ಅವಳ ತಂದೆಯ ಹೆಸರು, ಮೆಹರ್ ಎಷ್ಟು, ಸಾಕ್ಷಿ ಯಾರು, ಎಲ್ಲಾ ಬರಹದಲ್ಲಿದೆ. ಇಂಗ್ಲೆಂಡಿನ ಚರ್ಚ್ ಪುಸ್ತಕದಲ್ಲೂ ಹಾಗೇ, ಮದುವೆ ಅಂತ ಬರೆದ ಮೇಲೆ ಸಾಮಾನ್ಯವಾಗಿ ಇಬ್ಬರ ಹೆಸರೂ ಬರುತ್ತೆ. ಮದುವೆಯನ್ನು ಬರೆದಿಟ್ಟ ಪುಸ್ತಕದಲ್ಲಿ ಹೆಣ್ಣು ಸಿಗ್ತಾಳೆ. ನಮ್ಮ ಮನೇಲಿ ಬರೆದಿಟ್ಟದ್ದು ಜಮೀನನ್ನು ಮಾತ್ರ. ಜಮೀನು ಅಪ್ಪನಿಂದ ಮಗನಿಗೆ ಹೋಯ್ತು, ಹೆಸರುಗಳೂ ಅದರ ಹಿಂದೆ ಹೋದವು.

ಆದ್ರೆ ಒಂದು ಕಡೆ ಆ ಸಾಲು ತಪ್ಪಿತ್ತು. ಅರ್ಜಿ ಹಾಕಿದ್ದ ಕೊನೆಯ ಎಂಆರ್ ನಕಲು ಕೈಗೆ ಬಂದಾಗ ಗೊತ್ತಾಯ್ತು. 1940ರ ದಶಕದ್ದು. ಮುತ್ತಜ್ಜ ಪೌತಿ. ಖಾತೆ ಅಜ್ಜನ ಹೆಸರಿಗೆ. ಅಜ್ಜನ ಹೆಸರಿನ ಪಕ್ಕದಲ್ಲಿ ‘ಮೈನರ್, ಗಾರ್ಡಿಯನ್ ತಾಯಿ’ ಅಂತ ಬರೆದು, ಒಂದು ಹೆಸರು, ಕೋಂ, ಮುತ್ತಜ್ಜನ ಹೆಸರು. ನಮಗೆ ಸಿಕ್ಕಿದ ಮೊದಲ ‘ಕೋಂ’. ನಮ್ಮ ಮುತ್ತಜ್ಜಿ.

ಓಡಿಹೋಗಿ ಅಜ್ಜಿಗೆ ಹೇಳಿದೆವು. ಅಜ್ಜಿಗೆ ಆ ಹೆಸರು ಗೊತ್ತಿರಲಿಲ್ಲ! ಸ್ವಂತ ಅತ್ತೆಯ ಹೆಸರು. “ನಾನು ಈ ಮನೆಗೆ ಬರೋ ಹೊತ್ತಿಗೆ ಅವರು ತೀರಿಕೊಂಡಿದ್ರು. ನಿಮ್ಮಜ್ಜ ಅವ್ವ ಅವ್ವ ಅಂತ ನೆನೆಸಿಕೊಳ್ತಿದ್ರು. ಹೆತ್ತೋಳ ಹೆಸರು ಹಿಡಿದು ಯಾರಾದ್ರೂ ಮಾತಾಡ್ತಾರಾ?” ಅಂದ್ರು. ನಾವು ಮತ್ತೆ ಮತ್ತೆ ಆ ಹೆಸರು ಹೇಳಿದೆವು. ಅಜ್ಜಿಯೂ ಬಾಯಿಬಿಟ್ಟು ಒಂದು ಸಲ ಹೇಳಿ ನೋಡಿದ್ರು. ಆಮೇಲೆ ಎದ್ದು ಒಳಗೆ ಹೋಗಿ ಅಜ್ಜನ ಟ್ರಂಕಿನಿಂದ ಒಂದು ಗಂಟು ತಂದರು.

ಗಂಟಿನಲ್ಲಿ ಹಳೆಯ ಕಂದಾಯ ರಸೀದಿಗಳು, ಮಡಿಕೆಯಲ್ಲಿ ಹರಿದುಹೋದ ಒಂದು ಛಾಪಾ ಕಾಗದ. ಭೋಗ್ಯದ ಪತ್ರ. ಮುತ್ತಜ್ಜ ಸಾಲ ಮಾಡಿ ಎರಡು ಎಕರೆಗೂ ಹೆಚ್ಚು ಗದ್ದೆಯನ್ನು ಭೋಗ್ಯಕ್ಕೆ ಹಾಕಿದ್ದರು, ಅಂದ್ರೆ ಸಾಲ ತೀರೋವರೆಗೆ ಗದ್ದೆ ಸಾಲ ಕೊಟ್ಟವರು ಉಣ್ಣೋದು. ಕಾಗದದ ಹಿಂದೆ ಬೇರೆ ಶಾಯಿಯಲ್ಲಿ ನಾಲ್ಕು ಸಾಲು. ಬಾಕಿ ಪೂರ್ತಿ ಸಂದಾಯ ಆಗಿದೆ, ಜಮೀನು ಬಿಟ್ಟುಕೊಟ್ಟಿದೆ ಅಂತ. ಹಣ ಕಟ್ಟಿದವರ ಜಾಗದಲ್ಲಿ ಅದೇ ಹೆಸರು, ಪಕ್ಕದಲ್ಲಿ ಹೆಬ್ಬೆಟ್ಟಿನ ಗುರುತು. ತಾರೀಖು ಮುತ್ತಜ್ಜ ಹೋದ ಆರು ವರ್ಷದ ಮೇಲೆ.

ನಮ್ಮ ಮನೇಲಿ ಹಬ್ಬಕ್ಕೆ ಎಲ್ಲರೂ ಸೇರಿದಾಗ ‘ನಮ್ಮಜ್ಜ ಉಳಿಸಿದ ಗದ್ದೆ’ ಅಂತ ಒಂದು ಮಾತಿದೆ. ದೊಡ್ಡಪ್ಪನೇ ಎಷ್ಟೋ ಸಲ ಹೇಳಿದ್ದಾರೆ. ಅದೇ ಗದ್ದೆ ಇದು. ಆ ಕಾಗದವನ್ನು ದೊಡ್ಡಪ್ಪನಿಗೆ ಕೊಟ್ಟಾಗ ಅವರು ಕನ್ನಡಕ ಹಾಕಿಕೊಂಡು ಓದಿದ್ರು. ತಿರುಗಿಸಿ ಇನ್ನೊಂದು ಸಲ ಓದಿದ್ರು. ಏನೂ ಹೇಳದೆ ಗದ್ದೆ ಕಡೆ ಹೋದರು.

ಆಮೇಲೆ ಯೋಚನೆ ಮಾಡಿದಾಗ ನಮಗೆ ಹೊಳೆದದ್ದು ಇದು. ಮುತ್ತಜ್ಜಿಯ ಹೆಸರು ಸರ್ಕಾರದ ಪುಸ್ತಕಕ್ಕೆ ಬಂದಿದ್ದು ಗಂಡ ಸತ್ತಿದ್ದಕ್ಕೆ. ಮುತ್ತಜ್ಜ ಬದುಕಿದ್ದಿದ್ರೆ ಆ ‘ಕೋಂ’ ಇರ್ತಾನೇ ಇರಲಿಲ್ಲ. ಇಂಗ್ಲೆಂಡಿನ ಉಯಿಲುಗಳ ಕಥೆಯೂ ಅದೇ. ಅಲ್ಲಿ 1882ರ ಕಾಯ್ದೆ ಬರೋವರೆಗೆ ಮದುವೆಯಾದ ಹೆಂಗಸು ಸಾಮಾನ್ಯವಾಗಿ ಗಂಡನ ಒಪ್ಪಿಗೆ ಇಲ್ಲದೆ ಉಯಿಲು ಬರೆಯೋ ಹಾಗಿರಲಿಲ್ಲ. ಹಾಗಾಗಿ ಹಳೆಯ ಉಯಿಲುಗಳಲ್ಲಿ ಸಿಗೋ ಹೆಂಗಸರು ಹೆಚ್ಚಾಗಿ ವಿಧವೆಯರು, ಇಲ್ಲಾ ಮದುವೆಯಾಗದವರು. ಎಷ್ಟೋ ಸಾವಿರ ಮೈಲಿ ದೂರದ ಎರಡು ದೇಶದಲ್ಲೂ ಹೆಂಗಸಿನ ಹೆಸರು ಬರೆಯೋಕೆ ಗಂಡ ಸಾಯಬೇಕಿತ್ತು.

ಹಾಗಂತ ನಮ್ಮಲ್ಲಿ ಕಾನೂನು ಸುಮ್ಮನೆ ಕೂತಿರಲಿಲ್ಲ. ಮೈಸೂರು ಸಂಸ್ಥಾನದಲ್ಲಿ 1933ರಲ್ಲೇ ಹಿಂದೂ ಹೆಂಗಸರ ಹಕ್ಕಿನ ಕಾಯ್ದೆ ಬಂದಿತ್ತು, ಬ್ರಿಟಿಷ್ ಇಂಡಿಯಾದ 1937ರ ಕಾಯ್ದೆಗಿಂತ ನಾಲ್ಕು ವರ್ಷ ಮೊದಲು. 1956ರಲ್ಲಿ ಹಿಂದೂ ಉತ್ತರಾಧಿಕಾರ ಕಾಯ್ದೆ ಬಂದು, ಉಯಿಲು ಬರೆಯದೆ ತೀರಿಕೊಂಡ ತಂದೆಯ ಪಾಲಿನಲ್ಲಿ ಮಗಳಿಗೂ ಪಾಲಿದೆ ಅಂತ ಆಯ್ತು. 1994ರಲ್ಲಿ ಕರ್ನಾಟಕ ಇನ್ನೊಂದು ಹೆಜ್ಜೆ ಮುಂದೆ ಹೋಗಿ ಪಿತ್ರಾರ್ಜಿತದಲ್ಲಿ ಹುಟ್ಟಿನಿಂದಲೇ ಮಗಳಿಗೆ ಸಮಪಾಲು ಅಂತ ಮಾಡಿತು, ಆದ್ರೆ ಅದಕ್ಕೆ ಮೊದಲು ಮದುವೆಯಾದವರನ್ನು ಬಿಟ್ಟಿತು. ಅತ್ತೆಯ ಮದುವೆ ಆಗಿದ್ದು 1993ರಲ್ಲಿ. ಒಂದು ವರ್ಷದಲ್ಲಿ ತಪ್ಪಿಹೋಯ್ತು. 2005ರ ಕೇಂದ್ರದ ತಿದ್ದುಪಡಿಯಲ್ಲಿ ಮದುವೆಯ ಆ ಗೆರೆ ಇಲ್ಲ. ತಂದೆ 2005ಕ್ಕೆ ಮೊದಲೇ ತೀರಿಕೊಂಡಿದ್ರೂ ಮಗಳಿಗೆ ಆ ಹಕ್ಕಿದೆ ಅಂತ ಸುಪ್ರೀಂ ಕೋರ್ಟ್ 2020ರ ಆಗಸ್ಟ್‌ನಲ್ಲಿ ಹೇಳಿತು. ಇಷ್ಟೆಲ್ಲಾ ಆದ ಮೇಲೂ ಮನೆಯ ಪೆನ್ಸಿಲ್ ಹಾಳೆಯಲ್ಲಿ ಗೆರೆ ಎರಡೇ ಇತ್ತು.

ಇಲ್ಲಿ ಒಂದು ಮಾತು ಮುಚ್ಚಿಡದೆ ಬರೀಬೇಕು. ನಮ್ಮ ಮೂವರಲ್ಲಿ ಇಬ್ಬರ ಅಪ್ಪಂದಿರಿಗೆ ಮೂರನೇ ಗೆರೆಯಿಂದ ಪಾಲು ಕಮ್ಮಿ ಆಗುತ್ತೆ. ಅಡಿಕೆ ಗಿಡ ಹಾಕಿರುವ ಜಮೀನು, ಗುಂಟೆ ಗುಂಟೆಗೂ ಬೆಲೆ. ಅಪ್ಪನನ್ನು ಕೇಳಿದರೆ “ದೊಡ್ಡಪ್ಪ ಹೇಳಿದ ಹಾಗೆ ಮಾಡ್ರಿ” ಅಂದು ಸುಮ್ಮನಾದರು. ಎರಡು ದಿನ ನಮ್ಮ ವಾಟ್ಸಾಪ್ ಗ್ರೂಪಿನಲ್ಲಿ ಒಂದೇ ಒಂದು ಮೆಸೇಜ್ ಬರಲಿಲ್ಲ. ಎದುರು ಕೂತರೂ ಮಾತಿಲ್ಲ. ಏಳನೇ ತಲೆಮಾರಿನ ಅಜ್ಜಿಯ ಹೆಸರು ಹುಡುಕೋದು ಸುಲಭ, ಪಕ್ಕದಲ್ಲಿ ಕೂತವಳ ಅಮ್ಮನ ಹೆಸರು ಬರೆಯೋದು ಕಷ್ಟ ಅಂತ ಆಗ ಗೊತ್ತಾಯ್ತು.

ಮೂರನೇ ದಿನ ಸಂಜೆ ಮೂವರೂ ಸೂಳೆಕೆರೆ ಏರಿಯ ಮೇಲೆ ಹೋಗಿ ಕೂತೆವು. ಚಿಕ್ಕವರಿದ್ದಾಗ ಅಜ್ಜ ಅಲ್ಲಿ ನಮಗೆ ಕಥೆ ಹೇಳ್ತಿದ್ದರು. ಕೆರೆ ಕಟ್ಟಿಸಿದ್ದು ಶಾಂತವ್ವ ಅನ್ನೋ ರಾಜನ ಮಗಳು. ಜಾಗ ಸೂಳೆಯರದ್ದು. ಜಾಗ ಬಿಡ್ತೀವಿ, ಆದ್ರೆ ಕೆರೆಗೆ ನಮ್ಮ ಹೆಸರಿರಬೇಕು ಅಂತ ಅವರು ಹೇಳಿದ್ರಂತೆ. ಸರ್ಕಾರಿ ಬೋರ್ಡಿನಲ್ಲಿ ಶಾಂತಿಸಾಗರ ಅಂತ ಬರೆದರೂ ಜನ ಇವತ್ತಿಗೂ ಸೂಳೆಕೆರೆ ಅಂತಲೇ ಕರೀತಾರೆ. ಜಾಗ ಬಿಟ್ಟುಕೊಟ್ಟರೂ ಹೆಸರು ಬಿಟ್ಟುಕೊಡಲಿಲ್ಲ ಅವರು. ಕಥೆಯೋ ನಿಜವೋ, ಅವತ್ತು ಅದನ್ನು ನಮ್ಮಲ್ಲೊಬ್ಬ ನೆನಪಿಸಿದ. ದೊಡ್ಡಪ್ಪನ ಮಗ. ಅವನೇ ಮೊಬೈಲ್ ತೆಗೆದು ಟೈಪ್ ಮಾಡಿದ ಫೈಲಿನಲ್ಲಿ ಮೂರನೇ ಗೆರೆ ಎಳೆದ.

ಭಾನುವಾರ ಅತ್ತೆ ಬಂದರು. ಎಲ್ಲರ ಮುಂದೆ ಪ್ರಿಂಟ್ ಕೊಟ್ಟೆವು. ಮುತ್ತಜ್ಜನ ಜೊತೆ ಮುತ್ತಜ್ಜಿ, ಅಜ್ಜನ ಜೊತೆ ಅಜ್ಜಿ, ಕೆಳಗೆ ಮೂರು ಮಕ್ಕಳು. ದೊಡ್ಡಪ್ಪ ಅತ್ತೆಯ ಕಡೆ ನೋಡಿ, “ನಿನಗೆ ಪಾಲು ಬೇಕೇನಮ್ಮ?” ಅಂದರು. ಅತ್ತೆ ಬೇಡ ಅನ್ನಲಿಲ್ಲ, ಬೇಕು ಅಂತಲೂ ಅನ್ನಲಿಲ್ಲ. “ಬೇಕೋ ಬೇಡವೋ ಆಮೇಲೆ ಹೇಳ್ತೀನಣ್ಣ. ಬೇಡ ಅನ್ನೋಕಾದ್ರೂ ನನ್ನ ಹೆಸರು ಇರಬೇಕಲ್ಲ. ಮೊದಲು ಬರೀರಿ” ಅಂದರು.

ದೊಡ್ಡಪ್ಪ ಹಾಳೆಯನ್ನು ಹತ್ತಿರ ಹಿಡಿದು ನೋಡಿ, ಅತ್ತೆಯ ಹೆಸರಿನಲ್ಲಿ ನಾವು ಮಾಡಿದ್ದ ಒಂದು ಒತ್ತಕ್ಷರದ ತಪ್ಪನ್ನು ಪೆನ್ಸಿಲ್‌ನಲ್ಲಿ ತಿದ್ದಿದರು. “ಸ್ಕೂಲ್ ಸರ್ಟಿಫಿಕೇಟಲ್ಲಿ ಹಿಂಗಿದೆ, ಹಿಂಗೇ ಇರಲಿ” ಅಂದರು. ತಿದ್ದಿದ ಹಾಳೆಯೇ ಅರ್ಜಿಯ ಜೊತೆ ಹೋಗಿದೆ. ಪಾಲಿನ ಮಾತು ಇನ್ನೂ ಮುಗಿದಿಲ್ಲ, ನಾವು ಕಾಲೇಜಿಗೆ ವಾಪಸ್ ಬಂದಿದ್ದೀವಿ. ಹೆಳವರು ಮುಂದಿನ ಸುಗ್ಗಿಗೆ ಬಂದಾಗ ಮುತ್ತಜ್ಜಿಯ ಹೆಸರು ಪುಸ್ತಕದಲ್ಲಿ ಬರೆಸಬೇಕು ಅಂತ ಅಜ್ಜಿ ಹೇಳಿಕಳಿಸಿದ್ದಾರೆ. ಎರಡು ಸೇರು ಅಕ್ಕಿ ಜಾಸ್ತಿ ಕೊಡ್ತಾರಂತೆ.

ಆ ಹೆಸರನ್ನು ಇಲ್ಲಿ ಬರೆದಿಲ್ಲ. ಮನೆಯವರ ಹೆಸರು ಪತ್ರಿಕೆಯಲ್ಲಿ ಬೇಡ ಅಂತ ದೊಡ್ಡವರು ಹೇಳಿದ್ದಾರೆ. ಅದು ಇರಬೇಕಾದ ಕಡೆ ಇದೆ, ಅಷ್ಟು ಸಾಕು.

ನಿಮಗೂ ಹುಡುಕೋ ಮನಸ್ಸಿದ್ರೆ ಸರ್ವೆ ನಂಬರಿನಿಂದ ಶುರು ಮಾಡಿ, 10ನೇ ಕಾಲಂ ಹಿಡಿದು ಹಿಂದೆ ಹೋಗಿ. ತಾಲ್ಲೂಕು ಕಚೇರಿಗಳ ಹಳೆಯ ಕಡತಗಳನ್ನು ಈಗ ಸ್ಕ್ಯಾನ್ ಮಾಡ್ತಿದ್ದಾರೆ, ಕೆಲಸ ಸುಲಭ ಆಗ್ತಿದೆ. ಹೆಳವರು ಬರೋ ಊರಾದ್ರೆ ಅವರ ಫೋನ್ ನಂಬರ್ ಇಟ್ಟುಕೊಳ್ಳಿ. ಆದ್ರೆ ಎಲ್ಲದಕ್ಕೂ ಮೊದಲು ಇವತ್ತು ರಾತ್ರಿ ಮನೆಗೆ ಫೋನ್ ಮಾಡಿದಾಗ ಅಜ್ಜಿಯನ್ನು ಕೇಳಿ, ಅವರ ಅಮ್ಮನ ಹೆಸರೇನು, ಅತ್ತೆಯ ಹೆಸರೇನು ಅಂತ. ಪೆನ್ನು ಹಿಡಿದುಕೊಂಡೇ ಕೇಳಿ.